ಕೆಳಗಿನ ಪದರ

ಅತ್ತೆ ಹೆಣದ ಎದೆಯ ಮೇಲಿದ್ದ ಚಿತ್ರವನ್ನು ಎತ್ತಿಕೊಂಡೇಬಿಟ್ಟಳು.

"ಇದು ನಿಮ್ಮಮ್ಮ ಅಲ್ಲ ಕಣೇ. ಯಾವಳದೋ ಮುಖ ಎದೆ ಮೇಲಿಟ್ಟು ನನ್ನ ತಮ್ಮನ್ನ ಕಳಿಸ್ತೀಯಾ?"

"ಕೊಡಿ ಅತ್ತೆ," ಮಗಳು ಕೈಚಾಚಿದಳು. "ಅಮ್ಮನೇ ಅದು. ಅಪ್ಪನೇ ಬರೆದದ್ದು."

"ಅಪ್ಪ ಬರೆದ್ನೋ, ಆ ಟ್ಯಾಬು ಬರೀತೋ! ಯಾರು ಕಂಡಿದ್ದಾರೆ?"

ಟ್ಯಾಬು ಮೂಲೆಯ ಮೇಜಿನ ಮೇಲೆ, ಒಣಗಿದ ಬಣ್ಣದ ಡಬ್ಬಗಳ ನಡುವೆ ಬಿದ್ದಿತ್ತು. ಸತ್ತವನು ಜೀವಮಾನವಿಡೀ ಅಂಗಡಿಗಳಿಗೆ ಬೋರ್ಡು ಬರೆದವನು. ಅವನ ಅಕ್ಷರ ಇಲ್ಲದ ಬೀದಿ ಆ ಊರಲ್ಲಿಲ್ಲ; ಅವನು ಯಾರೆಂದು ಕೇಳಿದರೆ ಮಾತ್ರ ಒಬ್ಬರಿಗೂ ಗೊತ್ತಿಲ್ಲ. ಕೈ ನಡುಗತೊಡಗಿದ ಮೇಲೆ ಮಗಳು ಟ್ಯಾಬು ತಂದುಕೊಟ್ಟಳು. ಗೆರೆ ಸೊಟ್ಟಗಾದರೆ ಅಳಿಸಿ ಮತ್ತೆ ಎಳೆಯಬಹುದು, ಅಷ್ಟೇ. ಆದರೆ ಜನ ಸುಮ್ಮನಿರುತ್ತಾರೆಯೇ? ಅವನು ಏನು ಬರೆದರೂ "ಅದೇ ಬರೆದುಕೊಡುತ್ತಂತೆ" ಎಂದು ಮೂಗು ಮುರಿದರು.

ಮಗಳು ಹಸುಗೂಸಾಗಿದ್ದಾಗಲೇ ತಾಯಿ ಹೋಗಿದ್ದಳು. ಅದೇ ವರ್ಷ ಬಣ್ಣದ ಕೋಣೆಗೆ ಬೆಂಕಿ ಬಿದ್ದು ಇದ್ದಬದ್ದ ಫೋಟೋಗಳೂ ಸುಟ್ಟುಹೋಗಿದ್ದವು. ಅವಳ ಪಾಲಿಗೆ ಅಮ್ಮನೆಂದರೆ ಅಪ್ಪ ಟ್ಯಾಬಿನಲ್ಲಿ ಬರೆದು ಪ್ರಿಂಟ್ ಹಾಕಿಸಿಕೊಟ್ಟ ಆ ಮುಖವೊಂದೇ. ದಿನಾ ಕೆಲಸಕ್ಕೆ ಹೊರಡುವ ಮುಂಚೆ ಅದಕ್ಕೆ ಹೇಳಿಯೇ ಹೊರಡುತ್ತಿದ್ದಳು.

ಅತ್ತೆ ಬಾಗಿಲಲ್ಲಿ ನಿಂತಿದ್ದ ಮುದುಕನತ್ತ ತಿರುಗಿದಳು. "ನೀನೇ ಹೇಳೋ ಅಡಿಪಟ್ಟಿ. ನೀನೂ ನೋಡಿದೀಯಲ್ಲ ಅವಳನ್ನ."

ಅಡಿಪಟ್ಟಿಯಿಲ್ಲದೆ ಒಂದು ಗೆರೆಯನ್ನೂ ಎಳೆಯದವನೆಂದು ಅವನಿಗೆ ಆ ಹೆಸರು. ಸತ್ತವನೂ ಅವನೂ ಒಂದೇ ಏಣಿ ಹತ್ತಿ ಮುದುಕರಾದವರು. ಟ್ಯಾಬು ಬಂದ ಮೇಲೆ ಮಾತು ಬಿಟ್ಟಿದ್ದರು.

"ಅದರ ಕೆಳಗೊಂದು ಫೋಟೋ ಇದೆ," ಎಂದ ಅಡಿಪಟ್ಟಿ, ಯಾರ ಮುಖವನ್ನೂ ನೋಡದೆ. "ನಾನೇ ಕಣ್ಣಾರೆ ಕಂಡಿದೀನಿ."

ಮಗಳು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದಳು.

*

ಫೋಟೋ ಕಂಡ ಆ ದಿನ ಅಡಿಪಟ್ಟಿ ಹೇಳದೆ ಕೇಳದೆ ಒಳಗೆ ಬಂದಿದ್ದ. ಗೆಳೆಯ ಟ್ಯಾಬನ್ನು ಕುರ್ಚಿಗೆ ಒರಗಿಸಿ, ಗೋಡೆಯವರೆಗೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಆಮೇಲೆ ಕೂತು, ಹಳೇ ಕೋಲನ್ನು ಗಾಜಿನ ಮೇಲೆ ಅಡ್ಡಲಾಗಿ ಹಿಡಿದು, ಅದರ ಮೇಲೆ ಮಣಿಕಟ್ಟು ಊರಿ ಗೆರೆ ಎಳೆದ. ಬೋರ್ಡು ಬರೆಯುವಾಗ ಹಸಿ ಬಣ್ಣಕ್ಕೆ ಕೈ ತಾಗದಿರಲೆಂದು ಇಟ್ಟುಕೊಳ್ಳುವ ಕೋಲು ಅದು.

ಅಡಿಪಟ್ಟಿಗೆ ನಗು ತಡೆಯಲಾಗಲಿಲ್ಲ. "ಗಾಜಿಗೆ ಕೋಲು ಯಾಕೋ ಮಾರಾಯ? ಬಣ್ಣ ಎಲ್ಲಿದೆ ಅಂಟ್ಕೊಳ್ಳೋಕೆ?"

ಗೆಳೆಯ ಬೆಚ್ಚಿ ಟ್ಯಾಬನ್ನು ಬೋರಲು ಹಾಕಿದ. ಅಷ್ಟರೊಳಗೆ ಗೆರೆಗಳಡಿಯ ಫೋಟೋ ಅಡಿಪಟ್ಟಿಯ ಕಣ್ಣಿಗೆ ಬಿದ್ದಾಗಿತ್ತು.

"ಯಾರದು?"

"ಯಾರದೂ ಅಲ್ಲ."

"ಮತ್ತೆ ಮುಚ್ಚಿಟ್ಟಿದ್ದು ಯಾಕೆ? ಯಾವುದೋ ಫೋಟೋ ಮೇಲೆ ಗೀಚಿ ಇದೇ ನಿಮ್ಮಮ್ಮ ಅಂತ ಆ ಹುಡುಗೀಗೆ ಕೊಡ್ತೀಯಾ? ಥೂ ನಿನ್ನ! ಬೋರ್ಡು ಬರೆದ ಕೈಯೇನೋ ಇದು?"

"ಹೋಗೋ ಆಚೆ," ಎಂದ ಗೆಳೆಯ.

ಅಡಿಪಟ್ಟಿ ಹೋದವನು ಮತ್ತೆ ಆ ಮನೆ ಮೆಟ್ಟಿಲು ತುಳಿದದ್ದು ಇವತ್ತೇ.

*

ಶವದ ಗಾಡಿಯ ಡ್ರೈವರ್ ಇಣುಕಿದ. "ಹೊರಡೋಣ್ವಾ?"

"ಸ್ವಲ್ಪ ತಡೀರಿ," ಎಂದು ಮಗಳು ಟ್ಯಾಬು ತೆರೆದಳು. ಚಿತ್ರ ಎರಡು ಪದರವಾಗಿತ್ತು, ಗಾಜಿನ ಮೇಲೆ ಗಾಜು ಇಟ್ಟಂತೆ. ಮೇಲಿನದನ್ನು ಮರೆಮಾಡಿದಳು. ಗೆರೆಗಳು ಮಾಯವಾಗಿ, ಬಣ್ಣ ಬಳಿದಂತೆ ಮಸುಕಾಗಿಸಿದ್ದ ಫೋಟೋ ಉಳಿಯಿತು.

ಊಟದ ಮೇಜಿಗೆ ತಲೆಯಾನಿಸಿ ನಿದ್ದೆಹೋಗಿದ್ದ ಹೆಂಗಸು. ಅಮ್ಮನಲ್ಲ, ಮಗಳೇ.

"ನೋಡಿದ್ಯಾ! ನಾನು ಬಡ್ಕೊಳ್ಲಿಲ್ವಾ?" ಎಂದಳು ಅತ್ತೆ. ಗೆದ್ದ ಖುಷಿ ದನಿಯಲ್ಲಿ ಮೊದಲು ಇತ್ತು, ಮಗಳ ಮುಖ ನೋಡಿದ ಮೇಲೆ ಇರಲಿಲ್ಲ.

"ಇಷ್ಟು ದಿನ ನಾನು ನನ್ನ ಮುಖಕ್ಕೇ ಅಮ್ಮಾ ಅಂತಿದ್ನಾ ಮಾಮ?" ಮಗಳು ಬಿಕ್ಕಿದಳು. "ಅಪ್ಪ ನಂಗೆ ಸುಳ್ಳು ಹೇಳಿಬಿಟ್ರಾ?"

ಅಡಿಪಟ್ಟಿಯ ಅನುಮಾನವೇ ನಿಜವಾಗಿತ್ತು. ಆದರೂ ಗೆಳೆಯ ಕೋಲು ಹಿಡಿದು ಎಳೆದ ಗೆರೆ ನೆನಪಾಗಿ, ಮೆಲ್ಲಗೆ ಬಂದು ಅವಳ ಪಕ್ಕ ನಿಂತ.

"ಈಗ ಫೋಟೋ ಮುಚ್ಚು. ಮೇಲಿಂದು ಮಾತ್ರ ತೆಗಿ."

ಬರೀ ಬಿಳಿ. ಆ ಬಿಳಿಯಲ್ಲಿ ಅಲ್ಲೊಂದು ಇಲ್ಲೊಂದು ಗೆರೆ: ನಡುವೆ ಕತ್ತರಿಸಿದಂತಿದ್ದ ಒಂದು ಹುಬ್ಬು, ಅಗಲವಾದ ಗದ್ದ, ಮುಂದಕ್ಕೆ ಬಾಗಿದ ಕಿವಿ, ತುಸುವೇ ತೆರೆದ ತುಟಿ, ಅದರೊಳಗೆ ಮೂಲೆ ಮುರಿದ ಒಂದು ಹಲ್ಲು. ಕಣ್ಣಿಲ್ಲ, ಮೂಗಿಲ್ಲ. ತಾಯಿಯ ಕಣ್ಣೂ ಮೂಗೂ ಮಗಳಲ್ಲೇ ಇದ್ದವು. ಅಪ್ಪ ಅವನ್ನು ಬರೆದಿರಲೇ ಇಲ್ಲ.

"ಅವಳಿಗೆ ಮುರುಕು ಹಲ್ಲು ಎಲ್ಲಿತ್ತು?" ಅತ್ತೆ ಇನ್ನೂ ಬಿಡಲಿಲ್ಲ. "ಮದುವೇಲಿ ನಾನು ನೋಡಿಲ್ವಾ?"

"ಮದುವೆ ಆದ್ಮೇಲೆ ಅಕ್ಕ," ಎಂದ ಅಡಿಪಟ್ಟಿ. "ನಮಗೆ ಊಟ ತಂದವಳು ಏಣಿಗೆ ಢಿಕ್ಕಿ ಹೊಡ್ಕೊಂಡ್ಲು. ನಾವಿಬ್ರೂ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು. ಅವಳೂ ನಕ್ಲು. ಆಗ ಕಂಡ್ತು, ಹಲ್ಲು ಮುರಿದಿದೆ ಅಂತ."

ಅತ್ತೆ ಕೈಯಲ್ಲಿದ್ದ ಚಿತ್ರವನ್ನು ಸೆರಗಿನಿಂದ ಒರೆಸಿ, ತಮ್ಮನ ಎದೆಯ ಮೇಲೆ ಇಟ್ಟಳು.

"ಯಾವುದು ಮಾಮ? ಸರಿಯಾಗಿ ತೋರ್ಸಿ," ಎಂದಳು ಮಗಳು.

ಅಡಿಪಟ್ಟಿ ಬೆರಳು ಚಾಚಿದವನು ತಡೆದ. ಡಬ್ಬಗಳ ಸಂದಿಯಿಂದ ಗೆಳೆಯನ ಕೋಲನ್ನು ಎಳೆದುಕೊಂಡು ಗಾಜಿನ ಮೇಲೆ ಅಡ್ಡಲಾಗಿ ಹಿಡಿದ. ಅದರ ಮೇಲೆ ಮಣಿಕಟ್ಟು ಊರಿ, ಉಸಿರು ಬಿಗಿಹಿಡಿದು, ಎಲ್ಲಿಯೂ ತಾಗದಂತೆ, ಕಿರುಬೆರಳಿನ ತುದಿಯಿಂದ ಆ ಹಲ್ಲನ್ನು ತೋರಿಸಿದ.