ಎರಡನೇ ಅಮಾವಾಸ್ಯೆ

ಟೆಲಿಫೋನಿನ ಮೇಲೆ ನೊಣ ಕೂತಿದೆ, ಅದಕ್ಕಾದರೂ ಏನಾದರೂ ಕೇಳಿಸುತ್ತಿದೆಯೋ ಏನೋ, ನನಗಂತೂ ಬೆಳಗಿನಿಂದ ಬಸ್ಸುಗಳ ಹಾರ್ನು ಬಿಟ್ಟರೆ ಏನಿಲ್ಲ, ರಾಯದುರ್ಗದ್ದು ಹೋಯಿತು, ಚಳ್ಳಕೆರೆಯದು ಹೋಯಿತು — ಏಳೇ ರಶ್ಮಿತಾ, ಹಣೆಯೆಲ್ಲ ಮಣ್ಣು, ಅಪ್ಪನ ಫೋನು ಬರಲಿ, ಆಮೇಲೆ ಅಡ್ಡಬೀಳುವಿಯಂತೆ — ಕೇಳಿದರೆ ತಾನೆ, ಮತ್ತೆ ಮೊಣಕಾಲೂರಿ ನೆಲಕ್ಕೆ ಹಣೆ ಹಚ್ಚುತ್ತಾಳೆ, ಕಲಿಸಿದವಳು ನಾನೇ, ಕೊರಿಯಾದಲ್ಲಿ ಹಡಗಿಗೆ ವೆಲ್ಡಿಂಗ್ ಮಾಡುವ ಇವಳಪ್ಪ ಹೋದ ಸಲ ಇದೇ ಬೂತಿಗೆ ಫೋನು ಮಾಡಿ ಹೇಳಿದ್ದು, ಇಲ್ಲಿ ಹೊಸ ವರ್ಷಕ್ಕೆ ಮಕ್ಕಳು ದೊಡ್ಡೋರಿಗೆ ಅಡ್ಡಬೀಳ್ತವೆ ಕಣೇ, ಸತ್ತೋರಿಗೆ ಎಡೆ ಇಡ್ತಾರೆ ನಮ್ಮಂಗೇ, ಅಕ್ಕಿ ಕಡುಬು ಬಿಲ್ಲೆಬಿಲ್ಲೆ ಕೊಯ್ದು ಸಾರಿಗೆ ಹಾಕ್ತಾರೆ, ಅದನ್ನ ತಿಂದ್ರೆ ಎಲ್ಲಾರ್ಗೂ ಒಂದು ವಯಸ್ಸು ಜಾಸ್ತಿ, ಅವತ್ತು ರಜ, ಫೋನ್ ಮಾಡ್ತೀನಿ, ಮಗೀನ ಕೈಲಿ ಅಪ್ಪ ಅನ್ನಿಸು, ಮರುದಿನ ಕೆಲಸದ ಮೇಲೆ ಹಡಗು ಹತ್ತುತೀನಿ, ಆಮೇಲೆ ವರ್ಷಗಟ್ಟಲೆ ಫೋನಿಲ್ಲ, ತಾರೀಕು ಪ್ರತಿ ವರ್ಷ ಬದಲಾಗ್ತೈತೆ, ಹಗಲು ಬಾಳ ಗಿಡ್ಡ ಇರೋ ದಿನ ಆದ್ಮೇಲೆ ಎರಡನೇ ಅಮಾವಾಸ್ಯೆ ನೋಡ್ಕೋ — ಅಷ್ಟಕ್ಕೆ ಲೈನು ಕಟ್ಟಾಯಿತು. ನೋಡಿಕೊಂಡೆನಲ್ಲ, ಎಳ್ಳಮಾವಾಸ್ಯೆ ಒಂದು, ಅವರಾತ್ರಿ ಅಮಾವಾಸ್ಯೆ ಎರಡು, ಅದು ಕಳೆದ ಪಾಡ್ಯಕ್ಕೆ ವರ್ಷ ಹುಟ್ಟಬೇಕು, ಯುಗಾದಿ ಹುಟ್ಟುವುದು ಹಾಗೇ, ಇಷ್ಟೂ ತಿಳಿಯದವಳೇ ನಾನು, ನಿನ್ನೆ ಅಮಾವಾಸ್ಯೆ, ಮಗ್ಗ ಮುಟ್ಟುವಂತಿಲ್ಲ, ದಿನವಿಡೀ ಮನೆಯಲ್ಲಿ ಕೈಕಟ್ಟಿ ಕೂತು ಇವಳಿಗೆ ಅಡ್ಡಬೀಳುವುದನ್ನು ಕಲಿಸಿದೆ, ಅಪ್ಪ ಅನ್ನು ಅಂದರೆ ಮಾತ್ರ ತುಟಿ ಬಿಗಿಹಿಡಿಯುತ್ತಾಳೆ, ಥೇಟ್ ಅವರದೇ ಹಟ, ಇವತ್ತು ಅರ್ಧ ನೇಯ್ದ ಸೀರೆ ಬಿಟ್ಟು ಮೊದಲನೇ ಬಸ್ಸಿಗೆ ಮೊಳಕಾಲ್ಮೂರಿಗೆ ಬಂದೆ, ಯಾಕೆ ಬಡಿದುಕೊಳ್ಳುತ್ತಿಲ್ಲ ಈ ಹಾಳು ಫೋನು, ಬೂತಿನ ಜೋಗಪ್ಪ ಒಂದೇ ಸಮ ಆಕಳಿಸುತ್ತಾನೆ, ಅವನ ಹೆಂಡತಿ ನಿಂಗಕ್ಕ ಬುತ್ತಿ ಹಿಡಿದು ಒಳಗೆ ಬರುತ್ತಾಳೆ, ನನ್ನನ್ನು ಕಂಡು ಬಾಗಿಲಲ್ಲೇ ನಿಲ್ಲುತ್ತಾಳೆ, ಅಯ್ಯೋ ಶಾಂತಕ್ಕ, ಇವತ್ತು ಬಂದೀಯಲ್ಲ, ನಿನ್ನೆ ನಾನೇ ಕೂತಿದ್ದೆ, ನಿಮ್ಮೋರ ಫೋನು ಮೇಲಿಂದ ಮೇಲೆ ಬಂತು, ಅಲ್ಲಿ ಅಮಾವಾಸ್ಯೆ ದಿನಾನೇ ವರ್ಷದ ಮೊದಲನೇ ದಿನ ಅಂತೆ, ಬಂದೇ ಬರ್ತಾಳೆ ನಿಂಗಕ್ಕ, ಇನ್ನೊಂದು ಗಳಿಗೆ ನೋಡು ಅಂದ್ರು, ನಿಮ್ಮ ಹಳ್ಳಿಗೆ ಯಾರನ್ನ ಕಳಿಸ್ಲಿ ನಾನು.

ಅಮಾವಾಸ್ಯೆ ದಿನಾನೇ. ಬೀಗ ಹಾಕಿದ ಹಾಗೆ ಮಗ್ಗ ನಿಲ್ಲಿಸಿ ಸುಮ್ಮನೆ ಕೂತಿದ್ದೆನಲ್ಲ, ಬಸ್ಸು ಓಡುತ್ತಿತ್ತಲ್ಲ, ಯಾರನ್ನು ಬೈಯಲಿ, ಪಂಚಾಂಗವನ್ನೇ, ಈಗ ಅವರು ಹಡಗು ಹತ್ತಿರಬೇಕು, ಇವಳು ಇನ್ನೊಂದು ವರ್ಷ ದೊಡ್ಡವಳಾಗುತ್ತಾಳೆ, ಅಲ್ಲಿಯವರ ಲೆಕ್ಕದಲ್ಲಿ ನಿನ್ನೆಯೇ ಆದಳು — ರಶ್ಮಿತಾ, ಸಾಕು, ಏಳು — ಅವಳು ಮೊಣಕಾಲೂರುತ್ತಾಳೆ, ಟೆಲಿಫೋನಿನ ಎದುರು ನೆಲಕ್ಕೆ ಹಣೆ ಹಚ್ಚುತ್ತಾಳೆ, ಅಪ್ಪ ಅನ್ನುತ್ತಾಳೆ, ಏಳುತ್ತಾಳೆ, ಮತ್ತೆ ಮೊಣಕಾಲೂರುತ್ತಾಳೆ, ಹಣೆ ಹಚ್ಚುತ್ತಾಳೆ, ಅಪ್ಪ