ಮುಟ್ಟಬಾರದ ಕೈ

ಹೆಬ್ಬಾಳದ ಚಿಕ್ಕಮಾರಯ್ಯನ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಸೊಸೆ ಗೋಪಾಲಮ್ಮನ ಕೆಮ್ಮಿನಿಂದ. ಗಂಡ ಬೈರಣ್ಣ ಸತ್ತ ಮೇಲೆ ಮಗಳು ದ್ರೌಪದಮ್ಮನನ್ನು ಸಾಕಲು ಆಕೆ ಊದುಬತ್ತಿ ಕಾರ್ಖಾನೆ ಸೇರಿದ್ದಳು. ಆ ಪುಡಿ ಎದೆಯಲ್ಲೇ ಕೂತುಬಿಟ್ಟಿತ್ತು. ಈ ಕೆಲಸ ಬಿಡದಿದ್ದರೆ ಜೀವಕ್ಕೇ ಅಪಾಯ ಎಂದಿದ್ದರು ಡಾಕ್ಟರು.

ನೆರೆಮನೆಯ ತಾಹೆರಾ ದಂಡು ಪ್ರದೇಶದಲ್ಲಿದ್ದ ಹೆಂಗಸರ ಸಿಂಗಾರದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. "ಬಾ ಅಕ್ಕಾ, ನಿನ್ ಬೆರಳು ಚುರುಕೈತೆ" ಎಂದು ಕರೆದೊಯ್ದಳು.

ತಲೆ ತೊಳೆಯುವುದರಿಂದ ಶುರುಮಾಡಿದ ಗೋಪಾಲಮ್ಮ ಎರಡು ವರ್ಷದಲ್ಲಿ ಮದುವಣಗಿತ್ತಿಯರಿಗೆ ಮೊಗ್ಗಿನ ಜಡೆ ಹೆಣೆಯುವಷ್ಟಾದಳು. ಕೆಮ್ಮೂ ನಿಂತಿತು. ಬೋಳು ಹಣೆ ಕಂಡರೆ ಗಿರಾಕಿಗಳು ಬರುವುದಿಲ್ಲವೆಂದು ಅಂಗಡಿಯ ಒಡತಿ ಬೊಟ್ಟಿಡಿಸಿದ್ದಳು. ಸಂಜೆ ಬಸ್ಸಿಳಿಯುವ ಮೊದಲು ಅದನ್ನು ಸೆರಗಿನಲ್ಲಿ ಒರೆಸಿಕೊಂಡು ಆಕೆ ಮತ್ತೆ ವಿಧವೆಯಾಗುತ್ತಿದ್ದಳು.

ಐವತ್ತೊಂಬತ್ತನೇ ಇಸವಿಯಲ್ಲಿ ದ್ರೌಪದಮ್ಮನಿಗೆ ನಾಗಸಂದ್ರದ ಗಂಡು ಗೊತ್ತಾಯಿತು. ಮದುವೆಯ ಬೆಳಿಗ್ಗೆ ಅವಳು ತಾಯಿಯ ಮುಂದೆ ಬೆನ್ನು ಮಾಡಿ ಕೂತಳು.

"ಕಂಡೋರ್ ಮಕ್ಕಳಿಗೆಲ್ಲ ಜಡೆ ಹಾಕ್ತೀಯ. ನಂಗ್ ಹಾಕಲ್ವಾ ಅವ್ವ?"

ಕೊನೆಯ ಮೊಗ್ಗು ಸಿಕ್ಕಿಸುವ ಹೊತ್ತಿಗೆ ಚಿಕ್ಕಮಾರಯ್ಯ ಬಾಗಿಲಲ್ಲಿ ನಿಂತಿದ್ದ.

"ಏನಮ್ಮಿ ಇದು? ಮುಂಡೆ ಕೈ ಮದ್ವೆ ಎಣ್ಣಿನ್ ತಲೆ ಮ್ಯಾಲಾ? ಆ ಮಗೀಗೂ ನಿನ್ ಅಣೇಬರಾನೇ ಬರ್ಲಿ ಅಂತಾನಾ?"

"ಮಾವ, ನಾನು ಹೊಸೆದ ಊದುಬತ್ತೀನ ದೇವರ ಮುಂದೆ ಹಚ್ಚಿದ್ರಿ. ಆಗ ಈ ಕೈ ಆಗ್ತಿತ್ತು. ನಾನು ಜಡೆ ಹಾಕಿದ ಹುಡುಗೀರೆಲ್ಲ ಮಕ್ಕಳನ್ನ ಎತ್ಕೊಂಡು ಓಡಾಡ್ತಿದ್ದಾರೆ."

"ಅವ್ರಿಗೆ ಗೊತ್ತಿರ್ಲಿಲ್ಲ."

"ಗೊತ್ತಿಲ್ದಿದ್ರೆ ಕೆಡೋಲ್ಲ, ಗೊತ್ತಾದ್ರೆ ಕೆಡುತ್ತಾ ಮಾವ?"

ಮುದುಕ ತನ್ನ ಮಗಳು ರಾಮಲಕ್ಷ್ಮಮ್ಮನಿಗೆ ಸನ್ನೆ ಮಾಡಿದ. ಅವಳು ಸೋದರಸೊಸೆ ದ್ರೌಪದಮ್ಮನ ಜಡೆಗೆ ಕೈಹಾಕಿ ಎಳೆದಳು; ಮೊಗ್ಗಿನ ಜೊತೆ ಕೂದಲೂ ಕಿತ್ತು ಬಂತು. ಗೋಪಾಲಮ್ಮನನ್ನು ಹುಲ್ಲಿನ ಕೋಣೆಗೆ ದಬ್ಬಿ ಚಿಲಕ ಹಾಕಿದರು.

ಹೊಸದಾಗಿ ತಲೆ ಬಾಚಲು ಬಂದ ಮುತ್ತೈದೆಯರನ್ನು ದ್ರೌಪದಮ್ಮ ಹತ್ತಿರ ಸೇರಿಸಲಿಲ್ಲ. ಕೆದರಿದ ತಲೆಯಲ್ಲೇ ಅಂಗಳಕ್ಕೆ ಬಂದು, ಬೀಗರೆಲ್ಲ ಕೇಳುವಂತೆ ಹೇಳಿದಳು: "ತಾತ, ನಮ್ಮವ್ವನ ಕೈ ಆಗದ ಮದ್ವೆ ನಂಗೂ ಬ್ಯಾಡ."

ಬೀಗರು ಬಂದ ದಾರಿ ಹಿಡಿದರು. ಚಪ್ಪರ ಬಿಚ್ಚುವ ಮೊದಲೇ ಮುದುಕ ಚಿಲಕ ತೆಗೆಸಿ ತಾಯಿ ಮಗಳಿಬ್ಬರನ್ನೂ ಬೀದಿಗೆ ಹಾಕಿದ.

ಗೋಪಾಲಮ್ಮ ವಿಧವೆಯೆಂಬ ಸುದ್ದಿ ದಂಡಿನ ಅಂಗಡಿಗೂ ಮುಟ್ಟಿತು. ಮದುವಣಗಿತ್ತಿಯರ ಇಂಗ್ಲಿಷ್ ಓದಿದ ತಾಯಂದಿರು, "ನಮಗೇನೂ ಇಲ್ಲಪ್ಪ, ಮನೇಲಿ ಹಿರಿಯರು ಒಪ್ಪೋಲ್ಲ" ಎಂದು ನಯವಾಗಿ ನುಡಿದರು. ಒಡತಿ ಅಷ್ಟೇ ನಯವಾಗಿ ಕೆಲಸ ಬಿಡಿಸಿದಳು.

ಯಶವಂತಪುರದಲ್ಲಿ ಬೀದಿಗೆ ಬಾಗಿಲಿದ್ದ ಒಂದು ಕೋಣೆ ಸಿಕ್ಕಿತು. ದ್ರೌಪದಮ್ಮ ಹೊಲಿಗೆ ಹಿಡಿದಳು. ಗೋಪಾಲಮ್ಮ ಕನ್ನಡಿ ತೂಗುಹಾಕಿ, ಕುರ್ಚಿಯಿಟ್ಟು, ಬರಿ ಹಣೆಯಲ್ಲೇ ಕಾದಳು. ಬಂದವರು ಹೊಸ್ತಿಲಲ್ಲೇ ಆಕೆಯ ಮುಖ ನೋಡಿ ಹಿಂದಿರುಗುತ್ತಿದ್ದರು. ಇಟ್ಟ ಹೂವು ಬಾಡುತ್ತಿತ್ತು.

ಒಂದು ಮಧ್ಯಾಹ್ನ ತಲೆತುಂಬ ಸೆರಗು ಹೊದ್ದ ಹುಡುಗಿಯೊಬ್ಬಳು ಒಳಬಂದಳು. ಇಪ್ಪತ್ತು ದಾಟಿರಲಾರದು. ಹಣೆ ಬೋಳಾಗಿತ್ತು.

"ಒಸಿ ಎಣ್ಣೆ ಹಚ್ತೀರಾ ಅಕ್ಕ? ನಮ್ಮೋರು ತೀರ್ಕಂಡ್ಮೇಲೆ ನನ್ ತಲೇನ ಯಾರೂ ಮುಟ್ಟಿಲ್ಲ."

ಕೂದಲು ಜಡೆಗಟ್ಟಿ ಬೆನ್ನಿಗಂಟಿತ್ತು. ಗೋಪಾಲಮ್ಮ ಒಂದೊಂದೇ ಸಿಕ್ಕು ಬಿಡಿಸುತ್ತ ಹೋದಳು. ಹುಡುಗಿ ಸದ್ದಿಲ್ಲದೆ ಅಳುತ್ತಿದ್ದಳು. ಹೆರಳು ಹಾಕಿ ಮುಗಿದ ಮೇಲೆ ಗೋಪಾಲಮ್ಮ ಕೇಳಿದಳು: "ಹೂ ಮುಡಿಸ್ಲಾ?"

ಹುಡುಗಿ ಬೆಚ್ಚಿ ಬೀದಿಯತ್ತ ನೋಡಿದಳು. ಬೇಡವೆನ್ನಲಿಲ್ಲ. "ಬಾಗ್ಲಾಕ್ಬಿಡಿ ಅಕ್ಕ. ಯಾರಾದ್ರೂ ನೋಡ್ತಾರೆ."

"ನೋಡ್ಲಿ ಬಿಡವ್ವ," ಎಂದು ಗೋಪಾಲಮ್ಮ ಕುರ್ಚಿಯನ್ನು ಬೀದಿಯ ಕಡೆಗೇ ತಿರುಗಿಸಿದಳು.