ಕೃಪೆ ಇಲ್ಲದವರ ಹುಲ್ಲು

ಜವುಗಿನ ನೀರಲ್ಲಿ ನಿಂತು ಕಾಲುವೆ ತೋಡಿದವನ ಕಾಲು ಬೇಸಿಗೆಯಲ್ಲೂ ಬೆಚ್ಚಗಾಗುವುದಿಲ್ಲ. ಓಬೆಡ್‌ನ ಕಾಲುಗಳೂ ಹಾಗೇ ಆಗಿದ್ದವು. ಬೆರಳಸಂದಿಯನ್ನು ಕಡಲ ಉಪ್ಪು ತಿಂದು ಬಿರಿಸಿತ್ತು. ಹೆಂಡತಿ ಟಾಮ್ಸಿನ್ ಹಂದಿಕೊಬ್ಬು ಕಾಯಿಸಿ ಸವರುತ್ತಿದ್ದಳು. ಅಂದು ಶನಿವಾರ. ಹೊತ್ತು ಮುಳುಗಿದರೆ ಯಾವ ಕೆಲಸವನ್ನೂ ಮುಟ್ಟಬಾರದ ಸಬ್ಬತ್ತು ಶುರು, ಆಮೇಲೆ ಕೈಯಲ್ಲಿ ಕೊಬ್ಬಿನ ಬಟ್ಟಲು ಕಂಡರೂ ತಪ್ಪು. ಅವಳು ಬೇಗ ಬೇಗ ಸವರಿದಳು.

"ನಾಳೆ ಸಭೇಲಿ ಏನು ಹೇಳ್ತೀಯ?"

"ಹೋದ ವರ್ಷ ಹೇಳಿದ್ದನ್ನೇ."

"ಹೋದ ವರ್ಷ ಹೇಳಿ ಏನು ಸಿಕ್ತು? ಹುಲ್ಲಿಲ್ಲದೆ ಕರು ಸತ್ತಿತು. ಈ ಚಳಿಗಾಲ ಹಸು ಸಾಯುತ್ತೆ. ಆಮೇಲೆ ಮಗಳಿಗೆ ಏನು ಕುಡಿಸೋಣ, ಜವುಗಿನ ನೀರಾ?"

ಓಬೆಡ್ ಕಾಲು ಹಿಂದಕ್ಕೆ ಎಳೆದುಕೊಂಡ.

"ಖಾತ್ರಿ ಇದೆಯಾ ಅಂತ ಕೇಳಿದ್ರೆ ಈ ಸಲ ಇದೆ ಅನ್ನು" ಎಂದಳು ಟಾಮ್ಸಿನ್. "ಇಲ್ಲ ಅಂದಿದ್ದಕ್ಕೆ ತಾನೇ ಹೋದ ವರ್ಷ ಕೂರಿಸಿದ್ದು?"

ಸಂಗತಿ ಇಷ್ಟೇ. ಹಳ್ಳಿಯ ಕೆಳಗೆ ಕಡಲಿನವರೆಗೂ ಉಪ್ಪು ಜವುಗು. ಓಬೆಡ್ ಸೇರಿ ಎಂಟು ಜನ ಬಡವರು ಎರಡು ವರ್ಷ ಅಲ್ಲಿ ಕಾಲುವೆ ತೋಡಿ ನೀರು ಬಸಿದರು. ಸೊಂಟದೆತ್ತರ ಹುಲ್ಲು ಎದ್ದಿತು. "ತೋಡಿ, ತೋಡಿದೋರಿಗೆಲ್ಲ ಪಾಲುಂಟು" ಎಂದಿದ್ದ ಊರ ಕ್ರೈಸ್ತ ಸಭೆಯ ಹಿರಿಯ ಎಲ್ಕಾನ ವ್ಹೀಲಾಕ್. ಕೆಲಸ ಮುಗಿದ ಮೇಲೆ ಒಂದು ನಿಯಮ ಹೊರಗೆ ಬಂತು. ಪಾಲು ಸಭೆಯ ಸದಸ್ಯರಿಗೆ ಮಾತ್ರ, ಆ ಎಂಟರಲ್ಲಿ ಒಬ್ಬನೂ ಸದಸ್ಯನಲ್ಲ. ಸದಸ್ಯನಾಗಬೇಕಾದರೆ ಎಲ್ಲರೆದುರು ನಿಂತು ದೇವರ ಕೃಪೆ ತನ್ನನ್ನು ಹೇಗೆ ಮುಟ್ಟಿತು ಎಂದು ಹೇಳಬೇಕು. ಮುಟ್ಟಿತೋ ಇಲ್ಲವೋ ಎಂದು ತೀರ್ಮಾನಿಸುವವನು ಹಿರಿಯ. ಪಾಲು ಹಂಚುವ ತನಕ ಹುಲ್ಲೆಲ್ಲ ಅವನ ಸುಪರ್ದಿ. ಸುಪರ್ದಿ ಎಂದರೆ ಅವನ ಕೊಟ್ಟಿಗೆ.

ಭಾನುವಾರ ಸಭಾಮನೆಯಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತರು. ಹೆಂಗಸರು ಅಲ್ಲಿ ಬಾಯಿ ಬಿಡುವಂತಿಲ್ಲ. ಓಬೆಡ್ ಎದ್ದು ನಿಂತು ಟೋಪಿ ಹಿಂಡುತ್ತ ಹೇಳಿದ.

"ಈ ನಾಡಿಗೆ ಬರೋವಾಗ ಹಡಗಲ್ಲಿ ನಮ್ಮ ಮೊದಲನೇ ಮಗ ತೀರಿಕೊಂಡ. ಕಡಲಿಗೆ ಹಾಕಿದ್ರು. ಅವತ್ತಿಂದ ದೇವರನ್ನ ಬೈತಾ ಇದ್ದೆ. ಒಂದಿನ ಕಾಲುವೇಲಿ ನಿಂತಿದ್ದಾಗ ಯಾಕೋ ಅಳು ಬಂತು. ಬೈಗುಳ ನಿಂತೋಯ್ತು. ನಂಗೆ ಗೊತ್ತಿರೋದು ಅಷ್ಟೇ."

ಹಿರಿಯ ಗಡ್ಡ ಸವರಿಕೊಂಡ. "ಕೃಪೆ ಸಿಕ್ಕಿದೆ ಅಂತ ಖಾತ್ರಿ ಇದೆಯೋ?"

ಓಬೆಡ್ ಹೆಂಡತಿಯ ಕಡೆ ನೋಡಿದ. "ಇದೆ, ಹಿರಿಯರೇ."

"ಅಬ್ಬಾ! ನಮ್ಮ ಪಾದ್ರಿಗಳೇ ಖಾತ್ರಿ ಇಲ್ಲದೆ ನಡುಗ್ತಾರೆ. ಕೆಸರು ತೋಡೋನಿಗೆ ಖಾತ್ರಿ! ಇದು ಕೃಪೆಯಲ್ಲ, ಅಹಂಕಾರ. ಇನ್ನೊಂದು ವರ್ಷ ಕಾಯಿ. ಕೂತ್ಕೋ."

ಟಾಮ್ಸಿನ್ ಮನಸ್ಸಿನಲ್ಲೇ ಅಂದುಕೊಂಡಳು. ನಾನೇ ಹೇಳಿಕೊಟ್ಟೆ. ಅಹಂಕಾರ ನನ್ನದೇ ಇರಬಹುದೇ? ನಿಜವಾಗಿ ನಮಗೆ ಕೃಪೆಯೇ ಇಲ್ಲವೇನೋ? ಹೀಗೆ ತನ್ನನ್ನೇ ಕೆದಕಿಕೊಳ್ಳುತ್ತಿದ್ದವಳಿಗೆ ಹಿರಿಯನ ಮುಖದಲ್ಲಿ ಒಂದು ಸಣ್ಣ ನಗು ಕಂಡಿತು. ಸಂತೆಯಲ್ಲಿ ಒಳ್ಳೆಯ ಎತ್ತನ್ನು ಅಗ್ಗಕ್ಕೆ ಹೊಡೆದುಕೊಂಡವನ ನಗು. ಅವಳು ಎದ್ದು ನಿಂತಳು.

"ಹಿರಿಯರೇ, ನಿಮಗೆ ಖಾತ್ರಿ ಇದೆಯಾ?"

ಬೆಂಚುಗಳು ಕಿರುಗುಟ್ಟಿದವು. "ಕೂತ್ಕೊಳೇ!" ಎಂದು ಪಕ್ಕದವಳು ಲಂಗ ಜಗ್ಗಿದಳು.

"ಇದೆ ಅಂದ್ರೆ ನೀವೂ ಅಹಂಕಾರಿ. ಇಲ್ಲ ಅಂದ್ರೆ ನಿಮಗೂ ಪಾಲಿಲ್ಲ. ಯಾವುದಾದ್ರೂ ಒಂದು ಹೇಳಿ. ಜವುಗಲ್ಲಿ ಚಿಪ್ಪುಮೀನು ಆಯ್ಕೊಂಡು ತಿಂತಿದ್ದ ಜನ ನಮಗಿಂತ ಮುಂಚೆ ಇದ್ರು. ಅವರಿಗೆ ದೇವರು ಗೊತ್ತಿಲ್ಲ ಅಂತ ಓಡಿಸಿದ್ರಿ. ನಾವೂ ಆಮೆನ್ ಅಂದ್ವಿ, ನಮ್ಮ ನಾಲಿಗೆ ಸೇದಿಹೋಗ. ಈಗ ಅದೇ ಮಾತು ನಮಗೆ!"

ಹಿಂದಿನ ಬೆಂಚಿನಲ್ಲಿ ಕಾಲುವೆ ತೋಡುವ ಈನಕ್ ಜೋರಾಗಿ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಹಿರಿಯ ಬಾಗಿಲಲ್ಲಿದ್ದ ಕಾವಲುಗಾರನಿಗೆ ಸನ್ನೆ ಮಾಡಿದ.

"ಆ ನಾಲಿಗೆಗೆ ಕೋಲು ಹಾಕಿ" ಎಂದ.

ಸೋಮವಾರ ಬೆಳಿಗ್ಗೆ ಟಾಮ್ಸಿನ್‌ಳನ್ನು ಸಭಾಮನೆಯ ಬಾಗಿಲಲ್ಲಿ ನಿಲ್ಲಿಸಿದರು. ಸೀಳಿದ ಕೋಲಿನ ಸಂದಿಗೆ ನಾಲಿಗೆ ಸಿಕ್ಕಿಸಿದರು. ಜೊಲ್ಲು ಎದೆಗೆ ಇಳಿಯಿತು. ಪಕ್ಕದಲ್ಲಿ ಕಾವಲುಗಾರ ನಿಂತಿದ್ದ. ಬಿಸಿಲೇರುವ ಹೊತ್ತಿಗೆ ಆ ಎಂಟು ಜನರೂ ಉದ್ದ ಕುಡುಗೋಲುಗಳನ್ನು ಹೆಗಲಿಗೇರಿಸಿ ಬಂದರು. ಮುಂದೆ ಓಬೆಡ್. ಅವನು ಅವಳನ್ನು ನೋಡಿ ಮುಂದೆ ನಡೆದ. ಈನಕ್ ಮಾತ್ರ ನಿಂತ.

"ಅಕ್ಕಾ, ಇವತ್ತು ಊರಲ್ಲಿ ನೀನೊಬ್ಳೇ ಸುಮ್ಮನಿರೋಳು" ಎಂದು ಹೇಳಿ ಜವುಗಿನ ದಾರಿ ಇಳಿದ.

ಸುದ್ದಿ ಮುಟ್ಟಿ ಹಿರಿಯ ಏದುಸಿರು ಬಿಡುತ್ತ ಬಂದ. ಬೆಳಗಿನ ಗಂಜಿ ಇನ್ನೂ ಗಡ್ಡದಲ್ಲಿತ್ತು.

"ನೋಡ್ತಾ ನಿಂತಿದ್ದೀಯಲ್ಲೋ! ಹೋಗಿ ಹಿಡಿಯೋ!"

"ಎಂಟು ಕುಡುಗೋಲು, ಹಿರಿಯರೇ" ಎಂದ ಕಾವಲುಗಾರ. "ನಂಗಿರೋದು ಒಂದೇ ಕತ್ತು."

ಹಿರಿಯ ಟಾಮ್ಸಿನ್‌ಳ ಕಡೆ ತಿರುಗಿದ. ದನಿ ತಟ್ಟನೆ ಮೆತ್ತಗಾಯಿತು. "ಬಿಚ್ಚು ಆ ಕೋಲನ್ನ. ನೋಡಮ್ಮಾ, ನಿನ್ನ ಗಂಡ ನಿನ್ನ ಮಾತು ಕೇಳ್ತಾನೆ. ಒಂದು ಸಲ ಕೂಗಿ ಕರಿ. ಶಿಕ್ಷೆ ಇಲ್ಲಿಗೇ ಮುಗಿಸ್ತೀನಿ. ನಿನ್ನ ಹಸುವಿಗೆ ಈ ಚಳಿಗಾಲಕ್ಕೆ ಆಗೋಷ್ಟು ಹುಲ್ಲು ನಾನೇ ಕಳಿಸ್ತೀನಿ. ಕರಿ."

ಕಾವಲುಗಾರ ಕೋಲು ಬಿಚ್ಚಿದ. ನಾಲಿಗೆ ಬಾಯಿಗೆ ಹಿಡಿಸದಷ್ಟು ಊದಿತ್ತು. ಹಸು ಕಣ್ಣಮುಂದೆ ಬಂತು. ಹಾಲಿಗೆ ಅಳುವ ಮಗಳು ಬಂದಳು. ಒಂದು ಚಳಿಗಾಲಕ್ಕೆ ಆಗುವಷ್ಟು ಹುಲ್ಲು. ಮುಂದಿನ ಚಳಿಗಾಲಕ್ಕೆ? ಉಳಿದ ಏಳು ಮನೆಗಳ ಹಸುಗಳಿಗೆ?

"ಹಿರಿಯರೇ" ಎಂದಳು. ಮಾತು ತೊದಲಿತು, ರಕ್ತದ ಜೊತೆ ಹೊರಗೆ ಬಂತು. "ಸಭಾಮನೆ ಬಾಗಿಲಲ್ಲಿ ಹೆಂಗಸು ಬಾಯಿ ಬಿಡಬಾರದು."

ಕಾವಲುಗಾರನ ಕೈಯಿಂದ ಕೋಲು ಕಿತ್ತುಕೊಂಡಳು. ಸೀಳನ್ನು ಎರಡು ಕೈಯಲ್ಲಿ ಅಗಲಿಸಿ ತನ್ನ ನಾಲಿಗೆಗೆ ತಾನೇ ಸಿಕ್ಕಿಸಿಕೊಂಡಳು. ಆಮೇಲೆ ನೆಟ್ಟಗೆ ನಿಂತು ಹಿರಿಯನ ಕಣ್ಣನ್ನೇ ನೋಡಿದಳು.

ಕೆಳಗೆ ಜವುಗಿನಲ್ಲಿ ಮೊದಲನೇ ಸಾಲು ಹುಲ್ಲು ಮಲಗಿತು.